ಹೆಲ್ಲರ್ ಮತ್ತು ಫಿಲ್ಲೇರ್: ಆಸ್ಟ್ರಿಯಾ-ಹಂಗೆರಿಯ ಚಿಲ್ಲರೆ ನಾಣ್ಯ ಕೂಡಿಸುವುದು ಹೇಗೆ

ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯ 1918ರಲ್ಲಿ ಒಡೆದುಹೋಯಿತು. ಅದರ ಚಿಲ್ಲರೆ ಮಾತ್ರ ಇವತ್ತಿಗೂ ಯುರೋಪಿನ ನಾಣ್ಯದ ಅಂಗಡಿಗಳಲ್ಲಿ ಡಬ್ಬಿ ತುಂಬ ಸಿಗುತ್ತದೆ. ಚಿನ್ನ, ಬೆಳ್ಳಿಯ ನಾಣ್ಯಗಳ ಹಿಂದೆ ಹೋಗುವವರು ಹೆಚ್ಚು. ಆದರೆ ಆ ರಾಜ್ಯ ಹೇಗೆ ನಡೆಯಿತು, ಹೇಗೆ ಬಡವಾಯಿತು ಎನ್ನುವುದು ನಿಜವಾಗಿ ಕಾಣುವುದು ಕಂಚು, ನಿಕ್ಕಲ್, ಕಬ್ಬಿಣದ ಸಣ್ಣ ಕಾಸುಗಳಲ್ಲಿ. ಕಡಿಮೆ ಖರ್ಚಿನಲ್ಲಿ ಪೂರ್ಣವಾಗಿ ಕೂಡಿಸಬಹುದಾದ ಸರಣಿ ಇದು. ಕೊಳ್ಳುವ ಮುನ್ನ ಲೆಕ್ಕ ಗೊತ್ತಿರಬೇಕು, ಕೊಂಡ ಮೇಲೆ ಕೈ ಸುಮ್ಮನಿರಬೇಕು. ಹಾಳಾದ ಸಂಗ್ರಹಗಳೆಲ್ಲ ಈ ಎರಡರಲ್ಲಿ ಒಂದು ತಪ್ಪಿದ್ದರಿಂದ ಹಾಳಾದವು.

ಮೊದಲು ಲೆಕ್ಕ

1892ರ ಆಗಸ್ಟ್‌ನಲ್ಲಿ ಹಳೆಯ ಗುಲ್ಡೆನ್ ಪದ್ಧತಿ ಬಿಟ್ಟು ಕ್ರೋನೆ ಪದ್ಧತಿ ಬಂತು. ಒಂದು ಗುಲ್ಡೆನ್‌ಗೆ ಎರಡು ಕ್ರೋನೆ. ಒಂದು ಕ್ರೋನೆಗೆ ಆಸ್ಟ್ರಿಯಾ ಭಾಗದಲ್ಲಿ 100 ಹೆಲ್ಲರ್. ಹಂಗೆರಿ ಭಾಗದಲ್ಲಿ ಅದೇ ಹಣದ ಹೆಸರು ಕೊರೊನಾ, ಅದಕ್ಕೆ 100 ಫಿಲ್ಲೇರ್. 1867ರ ಒಪ್ಪಂದದಿಂದ ರಾಜ್ಯ ಎರಡು ಭಾಗವಾಗಿತ್ತು: ಒಬ್ಬನೇ ದೊರೆ, ಎರಡು ಸರ್ಕಾರ, ಎರಡು ಟಂಕಸಾಲೆ. ತೂಕ, ಅಳತೆ, ಬೆಲೆ ಒಂದೇ ಇದ್ದರೂ ಮುದ್ರೆ ಬೇರೆ.

ಹಳೆಯ ಪದ್ಧತಿಯ 1 ಕ್ರೊಯ್ಟ್ಸರ್ (ಗುಲ್ಡೆನ್‌ನ ನೂರನೇ ಒಂದು ಪಾಲು) ಎಂದರೆ ಹೊಸ 2 ಹೆಲ್ಲರ್. ಜನರಿಗೆ ಗೊಂದಲವಾಗದಂತೆ ಹೊಸ 2 ಹೆಲ್ಲರನ್ನೂ ಕ್ರೊಯ್ಟ್ಸರ್‌ನ ಅಳತೆಗೇ ಹೊಡೆದರು: 19 ಮಿ.ಮೀ., 3.33 ಗ್ರಾಂ. ಹಾಗಾಗಿ ಮಿಶ್ರ ರಾಶಿಯಲ್ಲಿ 1885–91ರ ಕ್ರೊಯ್ಟ್ಸರ್‌ಗಳು 2 ಹೆಲ್ಲರ್ ಜೊತೆ ಸೇರಿಕೊಂಡೇ ಬರುತ್ತವೆ. ಇಸವಿ 1892ಕ್ಕಿಂತ ಹಿಂದಿನದಾದರೆ ಅದು ಹೆಲ್ಲರ್ ಅಲ್ಲ. ಬೇರೆ ಡಬ್ಬಿಗೆ ಹಾಕಿ, ಎಸೆಯಬೇಡಿ.

ನೆನಪಿಡಬೇಕಾದ ಅಳತೆಗಳು ನಾಲ್ಕೇ. 1 ಹೆಲ್ಲರ್ ಕಂಚು: 17 ಮಿ.ಮೀ., 1.67 ಗ್ರಾಂ. 2 ಹೆಲ್ಲರ್ ಕಂಚು: 19 ಮಿ.ಮೀ., 3.33 ಗ್ರಾಂ. 10 ಹೆಲ್ಲರ್ ನಿಕ್ಕಲ್: 19 ಮಿ.ಮೀ., 3 ಗ್ರಾಂ. 20 ಹೆಲ್ಲರ್ ನಿಕ್ಕಲ್: 21 ಮಿ.ಮೀ., 4 ಗ್ರಾಂ. ಫಿಲ್ಲೇರ್‌ಗೂ ಇದೇ ಲೆಕ್ಕ. ಒಂದು ಕಿಲೋ ಕಂಚಿನಲ್ಲಿ 600 ಒಂದು-ಹೆಲ್ಲರ್ ಅಥವಾ 300 ಎರಡು-ಹೆಲ್ಲರ್ ಆಗುತ್ತಿದ್ದವು ಎಂದು ನೆನಪಿಟ್ಟುಕೊಂಡರೆ ದಶಮಾಂಶ ಮರೆಯುವುದಿಲ್ಲ.

ಕೈಯಲ್ಲಿ ಇರಬೇಕಾದ ಸಾಮಾನು

0.01 ಗ್ರಾಂವರೆಗೆ ತೋರಿಸುವ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ, ವರ್ನಿಯರ್ ಕ್ಯಾಲಿಪರ್, 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಅಕ್ಕಸಾಲಿಗರು ಬಳಸುವಂಥದ್ದು), ಮತ್ತು ಒಂದು ಅಯಸ್ಕಾಂತ. ಕ್ಯಾಲಿಪರ್ ಪ್ಲಾಸ್ಟಿಕ್ಕಿನದಾಗಿರಲಿ, ಉಕ್ಕಿನ ದವಡೆ ಅಂಚಿನ ಮೇಲೆ ಗೀರು ಬಿಡುತ್ತದೆ. ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ನೇತುಬಿಡಿ. ನಾಣ್ಯವನ್ನು ಅದಕ್ಕೆ ತಾಗಿಸಬೇಕಿಲ್ಲ, ಹತ್ತಿರ ಒಯ್ದರೆ ಸಾಕು, ಅಯಸ್ಕಾಂತವೇ ವಾಲಿ ಬರುತ್ತದೆ. ಇವುಗಳಲ್ಲಿ ಯಾವುದನ್ನು ಬಿಟ್ಟರೂ ಅಯಸ್ಕಾಂತವನ್ನು ಬಿಡಬಾರದು. ಕಾರಣ ಮುಂದೆ ಬರುತ್ತದೆ.

ಹೆಜ್ಜೆ 1: ಎರಡು ಭಾಗಗಳನ್ನು ಬೇರ್ಪಡಿಸಿ

ಆಸ್ಟ್ರಿಯಾದ ಹೆಲ್ಲರ್ ಮೇಲೆ ಒಂದಕ್ಷರವೂ ಇಲ್ಲ. ಒಂದು ಬದಿಯಲ್ಲಿ ಎರಡು ತಲೆಯ ಹದ್ದು, ಇನ್ನೊಂದು ಬದಿಯಲ್ಲಿ ಅಲಂಕಾರದ ನಡುವೆ ಬೆಲೆಯ ಅಂಕಿ ಮತ್ತು ಇಸವಿ. ದೇಶದ ಹೆಸರಿಲ್ಲ, ದೊರೆಯ ಹೆಸರಿಲ್ಲ, ಹೆಲ್ಲರ್ ಎಂಬ ಪದವೂ ಇಲ್ಲ. ಅದೇ ಕಾಲದ ಆಸ್ಟ್ರಿಯಾದ ನೋಟುಗಳ ಮೇಲೆ ಬೆಲೆಯನ್ನು ಜರ್ಮನ್ ಜೊತೆಗೆ ಜೆಕ್, ಪೋಲಿಷ್, ಇಟಾಲಿಯನ್ ಮುಂತಾದ ಭಾಷೆಗಳಲ್ಲೂ ಅಚ್ಚು ಹಾಕುತ್ತಿದ್ದರು. 17 ಮಿ.ಮೀ. ಕಾಸಿನ ಮೇಲೆ ಅಷ್ಟಕ್ಕೆ ಜಾಗವೆಲ್ಲಿ? ಹದ್ದು ಮತ್ತು ಅಂಕಿಯನ್ನು ಎಲ್ಲರೂ ಓದಬಲ್ಲರು. ಇವು ವಿಯೆನ್ನಾದ ಟಂಕಸಾಲೆಯವು, ಟಂಕಸಾಲೆಯ ಗುರುತೂ ಇಲ್ಲ.

ಹಂಗೆರಿಯ ಫಿಲ್ಲೇರ್ ಮೇಲೆ ಹದ್ದಿಲ್ಲ, ಹಂಗೆರಿಯ ಮೊದಲ ದೊರೆ ಸಂತ ಇಸ್ತ್ವಾನನ ಕಿರೀಟವಿದೆ. ಸುತ್ತಲೂ ಹಂಗೆರಿ ಭಾಷೆಯಲ್ಲಿ 'ಮಜರ್ ಕಿರಾಯಿ ವಾಲ್ಟೋಪೇನ್ಜ್' ಎಂದು ಬರೆದಿದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ 'ಹಂಗೆರಿ ದೊರೆತನದ ಚಿಲ್ಲರೆ'. ಬೆಲೆಯ ಅಂಕಿಯಿರುವ ಬದಿಯಲ್ಲಿ ಲ್ಯಾಟಿನ್ ಲಿಪಿಯ ಕೆ ಮತ್ತು ಬಿ ಅಕ್ಷರಗಳಿವೆ: ಕೊರ್ಮೊಟ್ಸ್‌ಬಾನ್ಯ ಟಂಕಸಾಲೆ. ಆ ಊರು ಈಗ ಸ್ಲೊವಾಕಿಯಾದ ಕ್ರೆಮ್ನಿಟ್ಸಾ. 1328ರಲ್ಲಿ ಶುರುವಾದ ಟಂಕಸಾಲೆ ಅಲ್ಲಿ ಈಗಲೂ ನಡೆಯುತ್ತಿದೆ.

ಹದ್ದು ಒಂದು ಕಡೆ, ಕಿರೀಟ ಒಂದು ಕಡೆ. ನೂರು ನಾಣ್ಯದ ರಾಶಿ ಹತ್ತು ನಿಮಿಷದಲ್ಲಿ ಎರಡಾಗುತ್ತದೆ.

ಹೆಜ್ಜೆ 2: ಅಯಸ್ಕಾಂತ

ಈ ಸರಣಿಯ ಜೀವ ಇರುವುದು ಇಲ್ಲಿ. 1914ರಲ್ಲಿ ಯುದ್ಧ ಶುರುವಾದ ಮೇಲೆ ನಿಕ್ಕಲ್ ಮತ್ತು ತಾಮ್ರ ಎರಡೂ ಯುದ್ಧ ಸಾಮಗ್ರಿಗೆ ಬೇಕಾದವು. ಮೊದಲು ಹೋದದ್ದು ನಿಕ್ಕಲ್. 1915–16ರಲ್ಲಿ 10 ಹೆಲ್ಲರನ್ನು ತಾಮ್ರ, ನಿಕ್ಕಲ್, ಸತು ಬೆರೆಸಿದ ಲೋಹದಲ್ಲಿ ಹೊಡೆದರು. ಅಳತೆ ಅದೇ 19 ಮಿ.ಮೀ., ಬಣ್ಣವೂ ಬಹುತೇಕ ಅದೇ. ಕಣ್ಣಿಗೆ ಮೋಸ, ಅಯಸ್ಕಾಂತಕ್ಕಲ್ಲ: ಹಳೆಯ ಶುದ್ಧ ನಿಕ್ಕಲ್‌ನ 10 ಹೆಲ್ಲರ್ ಅಯಸ್ಕಾಂತಕ್ಕೆ ಅಂಟುತ್ತದೆ, ಯುದ್ಧಕಾಲದ ಮಿಶ್ರಲೋಹದ್ದು ಅಂಟುವುದಿಲ್ಲ. ನಮ್ಮಲ್ಲಿ 1946–47ರ ಶುದ್ಧ ನಿಕ್ಕಲ್‌ನ ಅರ್ಧ ರೂಪಾಯಿ ಇದ್ದರೆ ಅದನ್ನು ಅಯಸ್ಕಾಂತದ ಹತ್ತಿರ ಹಿಡಿದು ನೋಡಿ. ನಿಕ್ಕಲ್ ಎಷ್ಟು ಬಲವಾಗಿ ಎಳೆಯುತ್ತದೆ ಎಂಬ ಅಂದಾಜು ಕೈಗೆ ಸಿಗುತ್ತದೆ.

ಆಮೇಲೆ ಕಂಚೂ ಹೋಯಿತು. 1916ರಿಂದ 1918ರವರೆಗೆ 2 ಮತ್ತು 20 ಹೆಲ್ಲರ್ ಕಬ್ಬಿಣದಲ್ಲಿ ಬಂದವು. ಹೊಸಬರು ಎಡವುವುದು ಇಲ್ಲಿ: ಕಬ್ಬಿಣದ 2 ಹೆಲ್ಲರ್‌ನ ಅಗಲ 17 ಮಿ.ಮೀ., ಅಂದರೆ ಕಂಚಿನ 1 ಹೆಲ್ಲರ್‌ನಷ್ಟೇ. ತುಕ್ಕು ಹಿಡಿದು ಕೆಂಪಾದ ಕಬ್ಬಿಣದ 2ನ್ನು ಸವೆದ ಕಂಚಿನ 1 ಎಂದುಕೊಂಡು ಕಂಚಿನ ಜೊತೆ ಇಡುತ್ತಾರೆ. ಅದರ ತುಕ್ಕು ಪಕ್ಕದ ನಾಣ್ಯಗಳಿಗೂ ಕಲೆ ಮಾಡುತ್ತದೆ. ಅಯಸ್ಕಾಂತಕ್ಕೆ ಅಂಟಿದ್ದೆಲ್ಲ ಕಂಚಿನ ಡಬ್ಬಿಯಿಂದ ಹೊರಗೆ ಹೋಗಬೇಕು.

ಹೆಜ್ಜೆ 3: ಗುರಿ ಕಟ್ಟಿಕೊಳ್ಳಿ

ಮೊದಲ ಗುರಿ ಎಂಟು ನಾಣ್ಯ: 1, 2, 10, 20 ಹೆಲ್ಲರ್ ಮತ್ತು 1, 2, 10, 20 ಫಿಲ್ಲೇರ್, ಎಲ್ಲವೂ 1914ಕ್ಕಿಂತ ಹಿಂದಿನವು. ಯಾವ ಇಸವಿಯಾದರೂ ಸರಿ, ಆದರೆ ಚೆನ್ನಾಗಿರುವ ನಾಣ್ಯವನ್ನೇ ಕಾದು ಕೊಳ್ಳಿ. ಇವು ಅಪರೂಪವಲ್ಲ, ಸವೆದದ್ದಕ್ಕೆ ಕಾಸು ಕೊಡುವ ಅಗತ್ಯವಿಲ್ಲ.

ಎರಡನೆಯದಾಗಿ ಆಸ್ಟ್ರಿಯಾದ ಕಬ್ಬಿಣ: 2 ಹೆಲ್ಲರ್ ಮೂರು, 20 ಹೆಲ್ಲರ್ ಮೂರು, ಒಟ್ಟು ಆರು. ಇದೂ ಸುಲಭವೇ. ತುಕ್ಕಿಲ್ಲದ್ದನ್ನು ಹುಡುಕುವುದೇ ಕಷ್ಟ.

ಆಮೇಲೆ ಇಸವಿವಾರು ಸರಣಿ. ನಿಕ್ಕಲ್‌ನಿಂದ ಶುರುಮಾಡಿ, ಅದು ಬೇಗ ಮುಗಿಯುತ್ತದೆ. 10 ಹೆಲ್ಲರ್: 1892ರಿಂದ 1895, ಆಮೇಲೆ 1907ರಿಂದ 1911. ಒಂಬತ್ತು ನಾಣ್ಯ. 20 ಹೆಲ್ಲರ್: 1892ರಿಂದ 1895, 1907, 1908, 1909, 1911, 1914. ಇದೂ ಒಂಬತ್ತು. ನಡುವಿನ ಹನ್ನೊಂದು ವರ್ಷ ಹೊಸದಾಗಿ ಹೊಡೆಯಲೇ ಇಲ್ಲ. 1900ರ 10 ಹೆಲ್ಲರ್ ಎಂದು ಯಾರಾದರೂ ತೋರಿಸಿದರೆ ಹಿಂದೆ ಸರಿಯಿರಿ.

ಕಂಚಿನ 1 ಹೆಲ್ಲರ್ 1892ರಿಂದ 1903, ಮತ್ತೆ 1909ರಿಂದ 1916. ಇದರಲ್ಲಿ ಸಿಗುವುದು ಕಷ್ಟವಾದದ್ದು ಮೊದಲನೆಯ ಇಸವಿಯೇ. 1892ರ 1 ಹೆಲ್ಲರ್ ಮತ್ತು 2 ಹೆಲ್ಲರ್ ಎರಡೂ ಕಡಿಮೆ ಸಂಖ್ಯೆಯಲ್ಲಿ ಹೊಡೆದವು. ಹಂಗೆರಿ ಕಡೆ 1906ರ ಮತ್ತು 1914ರ 1 ಫಿಲ್ಲೇರ್ ಸಿಗುವುದು ಕಷ್ಟ, 1906ರ 10 ಫಿಲ್ಲೇರ್ ಕೂಡ. ಇವನ್ನು ಕೊನೆಗೆ ಇಟ್ಟುಕೊಳ್ಳಿ. ನೂರು ಸಾಮಾನ್ಯ ನಾಣ್ಯಗಳನ್ನು ಲೂಪ್‌ನಲ್ಲಿ ನೋಡಿದ ಕಣ್ಣಿಗೆ ನಕಲಿ ತಾನಾಗಿ ಕಾಣುತ್ತದೆ.

1916: ಒಂದೇ ವರ್ಷದ ಆರು ಕಾಸು

ಇಡೀ ಸರಣಿ ಬೇಡ, ಒಂದು ವರ್ಷ ಸಾಕು ಎನ್ನುವವರಿಗೆ ಆಸ್ಟ್ರಿಯಾದ 1916ಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. 1915ರ ಅಕ್ಟೋಬರ್‌ನಲ್ಲಿ ರಾಜ್ಯದ ಲಾಂಛನ ಬದಲಾಯಿತು. ಹೊಸ ಅಚ್ಚು ಬರುವವರೆಗೆ ಹಳೆಯದರಲ್ಲೇ ಹೊಡೆದರು, ಆಮೇಲೆ ಹೊಸದರಲ್ಲಿ. ಹಾಗಾಗಿ ಒಂದೇ ಇಸವಿಯಲ್ಲಿ ಕಂಚಿನ 1 ಹೆಲ್ಲರ್ ಎರಡು ಬಗೆ, ಮಿಶ್ರಲೋಹದ 10 ಹೆಲ್ಲರ್ ಎರಡು ಬಗೆ, ಕಬ್ಬಿಣದ 2 ಮತ್ತು 20 ಒಂದೊಂದು.

ಎರಡು ಬಗೆಯ 1 ಹೆಲ್ಲರನ್ನು ಗುರುತಿಸಲು ಲೂಪ್ ಹಿಡಿದು ಹದ್ದಿನ ಎದೆ ನೋಡಿ. ಹಳೆಯ ಅಚ್ಚಿನಲ್ಲಿ ಎದೆಯ ಗುರಾಣಿ ಮೂರು ಪಾಲಾಗಿದೆ: ಒಂದು ಪಾಲಿನಲ್ಲಿ ನಿಂತ ಸಿಂಹ (ಹಾಬ್ಸ್‌ಬುರ್ಗ್ ರಾಜವಂಶ), ನಡುವೆ ಅಡ್ಡಪಟ್ಟಿ (ಆಸ್ಟ್ರಿಯಾ), ಇನ್ನೊಂದರಲ್ಲಿ ಓರೆ ಪಟ್ಟಿಯ ಮೇಲೆ ಮೂರು ಪುಟ್ಟ ಹಕ್ಕಿ (ಲೊರೇನ್ ವಂಶ). ಇಡೀ ಗುರಾಣಿ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು. ಚೆನ್ನಾಗಿ ಉಳಿದ ನಾಣ್ಯದಲ್ಲಿ ಸಿಂಹದ ಬಾಲವೂ ತಿಳಿಯುತ್ತದೆ. ಹೊಸ ಅಚ್ಚಿನಲ್ಲಿ ಸಿಂಹವೂ ಇಲ್ಲ, ಹಕ್ಕಿಗಳೂ ಇಲ್ಲ, ಬರೀ ಆಸ್ಟ್ರಿಯಾದ ಅಡ್ಡಪಟ್ಟಿಯ ಗುರಾಣಿ. ಸವೆದ ನಾಣ್ಯದಲ್ಲಿ ಮೂರು ಪಾಲೂ ಅಳಿಸಿ ನುಣ್ಣಗಾಗಿರುತ್ತದೆ. ಅಂಥದ್ದನ್ನು ನೋಡಿ 'ಹೊಸ ಬಗೆ' ಎಂದು ನಿರ್ಧರಿಸಬೇಡಿ. ಆ ವರ್ಷದ ನವೆಂಬರ್ 21ರಂದು, 68 ವರ್ಷ ಆಳಿದ ಫ್ರಾಂಟ್ಸ್ ಯೋಸೆಫ್ ತೀರಿಕೊಂಡ. ಸಣ್ಣ ಕಾಸಿನ ಮೇಲೆ ದೊರೆಯ ಮುಖವೇ ಇರದಿದ್ದರಿಂದ ಮುಂದಿನ ಎರಡು ವರ್ಷದ ನಾಣ್ಯದಲ್ಲಿ ಅದರ ಸುಳಿವೂ ಕಾಣುವುದಿಲ್ಲ.

ಹಂಗೆರಿಯ ಕಬ್ಬಿಣದ 20 ಫಿಲ್ಲೇರ್ ಇನ್ನೊಂದು ಸೋಜಿಗ. 1920, 1921ರ ಇಸವಿಯಲ್ಲೂ ಅದು ಬಂದಿದೆ. ಅಷ್ಟು ಹೊತ್ತಿಗೆ ಸಾಮ್ರಾಜ್ಯವಿಲ್ಲ, ದೊರೆಯಿಲ್ಲ, ಕೊರ್ಮೊಟ್ಸ್‌ಬಾನ್ಯ ಚೆಕೊಸ್ಲೊವಾಕಿಯಾಕ್ಕೆ ಸೇರಿತ್ತು. ನಾಣ್ಯ ಹೊಡೆದದ್ದು ಬುಡಾಪೆಸ್ಟಿನಲ್ಲಿ. ಆದರೂ ಅದೇ ಕಿರೀಟ, ಅದೇ 'ದೊರೆತನದ ಚಿಲ್ಲರೆ' ಎಂಬ ಬರಹ, ಅದೇ ಕೆ-ಬಿ ಗುರುತು. ಸಂಗ್ರಹವನ್ನು 1918ಕ್ಕೇ ನಿಲ್ಲಿಸುವವರೂ ಇದರಲ್ಲಿ ಒಂದನ್ನು ಕೊನೆಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಹೆಜ್ಜೆ 4: ಕೊಳ್ಳುವಾಗ

ಆಸ್ಟ್ರಿಯಾ, ಜರ್ಮನಿಯ ಮಾರಾಟಗಾರರು ಸ್ಥಿತಿಯನ್ನು ಜರ್ಮನ್ ಸಂಕ್ಷೇಪದಲ್ಲಿ ಬರೆಯುತ್ತಾರೆ. 'ಎಸ್' ಎಂದರೆ ಶ್ಯೋನ್: ಪದದ ಅರ್ಥ ಚೆಂದ, ಆದರೆ ನಾಣ್ಯ ಚೆನ್ನಾಗಿ ಸವೆದಿರುತ್ತದೆ. 'ಎಸ್‌ಎಸ್' ಅಥವಾ ಝೇರ್ ಶ್ಯೋನ್: ಬಳಕೆಯಲ್ಲಿದ್ದದ್ದು, ಮುಖ್ಯ ವಿವರಗಳೆಲ್ಲ ಉಳಿದಿವೆ. 'ವಿ-ಝಡ್' ಅಥವಾ ಫೋರ್‌ಟ್ಸ್ಯೂಗ್ಲಿಶ್: ಎತ್ತರದ ಜಾಗದಲ್ಲಷ್ಟೇ ಸವಕಳಿ. ಶ್ಟೆಂಪೆಲ್‌ಗ್ಲಾಂಟ್ಸ್: ಅಚ್ಚಿನಿಂದ ಬಂದ ಹೊಳಪು ಹಾಗೇ ಇದೆ. ಈ ಸರಣಿಯ ಸಾಮಾನ್ಯ ಇಸವಿಗಳಿಗೆ ಫೋರ್‌ಟ್ಸ್ಯೂಗ್ಲಿಶ್‌ಗಿಂತ ಕೆಳಗೆ ಇಳಿಯಬೇಡಿ ಎನ್ನುವುದು ನಮ್ಮ ಸಲಹೆ. ಹಂಗೆರಿಯವರು ಟಿ1, ಟಿ2, ಟಿ3 ಎಂದು ಬರೆಯುತ್ತಾರೆ. ಒಂದು ಎಲ್ಲಕ್ಕಿಂತ ಮೇಲು. ಪಕ್ಕದಲ್ಲಿ 'ಪಿ-ಎಚ್' ಇದ್ದರೆ ಅಂಚಿಗೆ ಪೆಟ್ಟು ಬಿದ್ದಿದೆ, 'ಎಲ್-ವೈ' ಇದ್ದರೆ ತೂತು ಕೊರೆದಿದ್ದಾರೆ ಎಂದರ್ಥ.

ಬೆಲೆ ಹೋಲಿಸಲು ಕ್ಯಾಟಲಾಗ್‌ನ ಕೆ-ಎಂ ಸಂಖ್ಯೆ (ಕ್ರೌಸ್ ಮತ್ತು ಮಿಶ್ಲರ್ ಅವರ ನಾಣ್ಯ ಕ್ಯಾಟಲಾಗ್ ಪ್ರತಿ ನಾಣ್ಯಕ್ಕೆ ಕೊಟ್ಟ ಸಂಖ್ಯೆ) ಹಿಡಿಯಿರಿ. ಆಸ್ಟ್ರಿಯಾದ ಮೊದಲ ನಾಲ್ಕು ನಾಣ್ಯಕ್ಕೆ ಕ್ರಮವಾಗಿ 2800, 2801, 2802, 2803. ಹಂಗೆರಿಯ ನಾಲ್ಕಕ್ಕೆ 480ರಿಂದ 483. ಅಕ್ಷರವೇ ಇಲ್ಲದ ನಾಣ್ಯವನ್ನು ಹುಡುಕುವಾಗ ಹೆಸರಿಗಿಂತ ಈ ಸಂಖ್ಯೆಯೇ ಬೇಗ ದಾರಿ ತೋರಿಸುತ್ತದೆ.

ಮೋಸ ಬರುವುದು ಮೂರು ದಾರಿಯಲ್ಲಿ. ಒಂದು, ತಿದ್ದಿದ ಇಸವಿ: ಸಾಮಾನ್ಯ ನಾಣ್ಯದ ಕೊನೆಯ ಅಂಕಿಯನ್ನು ಕೆರೆದು 1892 ಮಾಡುತ್ತಾರೆ. ಆ ಅಂಕಿಯ ಸುತ್ತಲ ನೆಲ ಬೇರೆ ಕಡೆಗಿಂತ ನುಣುಪಾಗಿದೆಯೇ, ತಗ್ಗಾಗಿದೆಯೇ, ಅಂಕಿಯ ಎತ್ತರ ಉಳಿದ ಮೂರು ಅಂಕಿಗೆ ಸಮವಿದೆಯೇ ಎಂದು ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ. ಎರಡು, ಎರಕದ ನಕಲು: ಮೈ ಮೇಲೆ ಸೂಜಿಮೊನೆಯಷ್ಟು ಗುಳಿಗಳು, ಅಂಚಿನ ಸುತ್ತ ಸಣ್ಣ ಗೆರೆ, ತಪ್ಪು ತೂಕ. ಸವೆದ ನಾಣ್ಯ ಕಡಿಮೆ ತೂಗಬಹುದು, ಹೊಸದಾಗಿ ಕಾಣುವ ನಾಣ್ಯ ಕಡಿಮೆ ತೂಗಬಾರದು. ಮೂರನೆಯದು ಮೋಸವೂ ಅಲ್ಲ, ಮರುಮುದ್ರಣ. ಹಂಗೆರಿಯಲ್ಲಿ ಹಳೆಯ ಇಸವಿ ಹಾಕಿ ಸಂಗ್ರಾಹಕರಿಗಾಗಿ ಮತ್ತೆ ಹೊಡೆದದ್ದುಂಟು. ಅಂಥವುಗಳಲ್ಲಿ ಅನೇಕದರ ಮೇಲೆ ಲ್ಯಾಟಿನ್ ಲಿಪಿಯ ಯು-ಪಿ ಎಂಬ ಪುಟ್ಟ ಅಕ್ಷರಗಳಿವೆ. ಮಾರುವವರ ಚಿತ್ರ ಮಸುಕಾಗಿದ್ದರೆ ಆ ಜಾಗದ್ದೇ ದೊಡ್ಡ ಚಿತ್ರ ಕೇಳಿ.

ವಿದೇಶದಿಂದ ಅಂಚೆಯಲ್ಲಿ ತರಿಸಿದರೆ ಇಲ್ಲಿ ಸುಂಕ ಬೀಳಬಹುದು. ರಸೀದಿಯ ಒಂದು ಪ್ರತಿ ಪೊಟ್ಟಣದ ಹೊರಗೆ, ಒಂದು ಒಳಗೆ ಇಡಲು ಮೊದಲೇ ಹೇಳಿ. ಮತ್ತೆ ಹೊರಗೆ ಕಳಿಸುವ ಮಾತು ಬೇರೆ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾವಸ್ತು ಎನಿಸುತ್ತದೆ, ಪರವಾನಗಿ ಇಲ್ಲದೆ ದೇಶದಿಂದ ಆಚೆ ಕಳಿಸುವಂತಿಲ್ಲ. ಹೆಲ್ಲರ್‌ಗಳೆಲ್ಲ ಈಗ ಆ ವಯಸ್ಸು ದಾಟಿವೆ. ಹಾಗಾಗಿ ಯುರೋಪಿನ ಸಂಗ್ರಾಹಕರ ಜೊತೆ ಅದಲುಬದಲು ಮಾಡಿಕೊಳ್ಳುವ ಯೋಚನೆ ಬೇಡ, ದೇಶದ ಒಳಗೇ ಮಾಡಿ.

ಹೆಜ್ಜೆ 5: ತೊಳೆಯುವ ಆಸೆ

ನಮ್ಮ ಮನೆಗಳಲ್ಲಿ ತಾಮ್ರದ ಚೊಂಬು ಕಪ್ಪಾದರೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಾರೆ. ಚೊಂಬಿಗೆ ಅದು ಸರಿ. ಹೆಲ್ಲರ್‌ಗೆ ಹಚ್ಚಿದರೆ ಆ ನಾಣ್ಯ ಮುಗಿಯಿತು. ನೂರು ವರ್ಷದಲ್ಲಿ ಕಂಚಿನ ಮೇಲೆ ಕಟ್ಟಿದ ಕಂದು ಪದರ ಹುಣಸೆಯ ಹುಳಿಯಲ್ಲಿ ಕರಗಿ, ಅಡಿಯ ಹಸಿ ತಾಮ್ರದ ಗುಲಾಬಿ ಬಣ್ಣ ಹೊರಗೆ ಬರುತ್ತದೆ. ಎರಡು ತಿಂಗಳಲ್ಲಿ ಅದು ಮತ್ತೆ ಕಪ್ಪಾಗುತ್ತದೆ, ಆದರೆ ಚುಕ್ಕೆಚುಕ್ಕೆಯಾಗಿ. ಹಳೆಯ ಬಣ್ಣ ಯಾವತ್ತೂ ವಾಪಸು ಬರುವುದಿಲ್ಲ. ನಿಂಬೆ, ವಿನಿಗರ್, ಪೀತಾಂಬರಿ, ಟೂತ್‌ಪೇಸ್ಟ್ ಎಲ್ಲಕ್ಕೂ ಇದೇ ಮಾತು.

ಮಣ್ಣು, ಜಿಡ್ಡು ಇದ್ದರೆ ಮಾಡಬಹುದಾದದ್ದು ಇಷ್ಟು. ಕಂಚು ಮತ್ತು ನಿಕ್ಕಲನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಒಂದು ದಿನ ನೆನೆಹಾಕಿ, ನೀರು ಬದಲಿಸಿ ಇನ್ನೊಂದು ದಿನ ಬಿಡಿ. ತೆಗೆದು ಹಳೆಯ ಹತ್ತಿ ಬಟ್ಟೆಯ ಮೇಲಿಟ್ಟು ಒತ್ತಿ ನೀರು ತೆಗೆಯಿರಿ, ಉಜ್ಜಬೇಡಿ. ನೆರಳಿನಲ್ಲಿ ಪೂರ್ತಿ ಒಣಗಿಸಿ. ಬಾವಿ ನೀರು, ನಲ್ಲಿ ನೀರು ಬೇಡ, ಅದರಲ್ಲಿರುವ ಕ್ಲೋರೈಡ್ ಕಂಚಿಗೆ ಶತ್ರು. ಕಬ್ಬಿಣದ ನಾಣ್ಯಕ್ಕೆ ನೀರೇ ಬೇಡ, ಸಡಿಲ ತುಕ್ಕನ್ನು ಮರದ ಟೂತ್‌ಪಿಕ್‌ನಿಂದ ಮೆಲ್ಲಗೆ ಎಬ್ಬಿಸಿ ಅಷ್ಟಕ್ಕೇ ಬಿಡಿ.

ಹಸಿರು ಕಂಡರೆ ಗಾಬರಿ ಬೇಡ, ಮೊದಲು ಯಾವ ಹಸಿರು ಎಂದು ನೋಡಿ. ಗಟ್ಟಿಯಾಗಿ, ನುಣುಪಾಗಿ, ಗಾಢವಾಗಿ ಅಂಟಿಕೊಂಡಿದ್ದರೆ ಅದು ಹಾಗೇ ಇರಲಿ. ಟೂತ್‌ಪಿಕ್ ತಾಗಿಸಿದರೆ ಹಿಟ್ಟಿನಂತೆ ಉದುರುವ ತೆಳು ಹಸಿರು ಬೆಳೆಯುವ ಕಿಲುಬು, ಅದನ್ನು ಉಳಿದವುಗಳಿಂದ ಕೂಡಲೇ ಬೇರೆ ಇಡಿ. ಮೂರನೆಯದು ಅಂಟಂಟಾದ ಹಸಿರು: ಹಳೆಯ ಪಿವಿಸಿ ಕವರಿನಿಂದ ಬಂದದ್ದು. ಇದೊಂದಕ್ಕೆ ಅಸಿಟೋನ್ ಸರಿಯಾದ ಮದ್ದು. ರಾಸಾಯನಿಕ ಸಾಮಗ್ರಿಯ ಅಂಗಡಿಯಲ್ಲಿ ಸಿಗುವ ಶುದ್ಧ ಅಸಿಟೋನ್ ಆಗಬೇಕು, ಬಣ್ಣ, ಸುವಾಸನೆ ಬೆರೆಸಿದ ನೇಲ್ ಪಾಲಿಶ್ ರಿಮೂವರ್ ಅಲ್ಲ. ಗಾಜಿನ ಬಟ್ಟಲಿನಲ್ಲಿ ಐದು ನಿಮಿಷ, ಹೊಸ ಅಸಿಟೋನ್‌ನಲ್ಲಿ ಇನ್ನೊಮ್ಮೆ ಅದ್ದಿ, ತಾನಾಗಿ ಆರಲು ಬಿಡಿ. ಕಿಟಕಿ ತೆರೆದಿರಲಿ, ಒಲೆ, ದೀಪ ಹತ್ತಿರ ಇರಬಾರದು.

ಹೆಜ್ಜೆ 6: ಇಡುವುದು

50 ಮಿ.ಮೀ. ಚೌಕದ ರಟ್ಟಿನ ಹೋಲ್ಡರ್‌ಗಳು ಸಾಕು, ಕಿಟಕಿಯ ಹಾಳೆ ಪಾಲಿಯೆಸ್ಟರ್‌ನದಾಗಿರಬೇಕು. 17 ಮಿ.ಮೀ. ನಾಣ್ಯಕ್ಕೆ 17.5 ಕಿಟಕಿ, 19ಕ್ಕೆ 20, 21ಕ್ಕೆ 22.5. ಸ್ಟೇಪಲ್ ಪಿನ್ನಿನ ಹಿಂಬದಿಯನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ, ಇಲ್ಲದಿದ್ದರೆ ಆಲ್ಬಮ್ ಮುಚ್ಚಿದಾಗ ಅದು ಪಕ್ಕದ ನಾಣ್ಯದ ಕಿಟಕಿಯನ್ನು ಹರಿಯುತ್ತದೆ. ಮೃದುವಾಗಿ, ಹೊಸ ರೈನ್‌ಕೋಟಿನ ವಾಸನೆ ಬರುವ ಕವರ್ ಪಿವಿಸಿ ಎಂದೇ ತಿಳಿದು ದೂರವಿಡಿ.

ಕರಾವಳಿ, ಮಲೆನಾಡಿನಲ್ಲಿರುವವರು ಕಬ್ಬಿಣದ ನಾಣ್ಯವನ್ನು ಆಲ್ಬಮ್‌ನಲ್ಲಿ ಇಡಲೇಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ ರಟ್ಟಿನ ಮೂಲಕವೇ ಒಳಗೆ ಇಳಿಯುತ್ತದೆ. ರಬ್ಬರ್ ಸುತ್ತಿನ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಬಣ್ಣ ಬದಲಿಸುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಕಿತ್ತಳೆ ಬಣ್ಣದ ಹರಳು ಹಸಿರಾದರೆ ಅದರ ಶಕ್ತಿ ಮುಗಿದಿದೆ, ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ನಾಣ್ಯಕ್ಕೆ ತೀರ ತೆಳುವಾಗಿ ಮೈಕ್ರೋಕ್ರಿಸ್ಟಲೈನ್ ವ್ಯಾಕ್ಸ್ ಹಚ್ಚುವ ರೂಢಿ ವಸ್ತುಸಂಗ್ರಹಾಲಯಗಳಲ್ಲಿದೆ, ಕಬ್ಬಿಣಕ್ಕೆ ಅದು ಒಳ್ಳೆಯದು. ಕೊಬ್ಬರಿ ಎಣ್ಣೆ ಬೇಡ.

ಪ್ರತಿ ಹೋಲ್ಡರ್ ಮೇಲೆ ನಾಣ್ಯ ಹಾಕುವ ಮೊದಲೇ ಪೆನ್ಸಿಲ್‌ನಲ್ಲಿ ಬರೆಯಿರಿ: ಭಾಗ, ಬೆಲೆ, ಇಸವಿ, ಲೋಹ, ಕೆ-ಎಂ ಸಂಖ್ಯೆ, ನೀವೇ ತೂಗಿದ ತೂಕ, ಕೊಂಡ ತಿಂಗಳು, ಕೊಟ್ಟ ಬೆಲೆ. ಇಂಕು ತೇವಕ್ಕೆ ಹರಡುತ್ತದೆ. ತೂಕ ಬರೆದಿಡುವುದು ಬರೀ ಶಿಸ್ತಿಗಾಗಿ ಅಲ್ಲ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಕಬ್ಬಿಣದ ನಾಣ್ಯಗಳನ್ನು ಮತ್ತೆ ತೂಗಿ ನೋಡಿ. ತುಕ್ಕು ಕಟ್ಟುತ್ತಿದ್ದರೆ ತೂಕ ಒಂದೆರಡು ಸೆಂಟಿಗ್ರಾಂ ಏರುತ್ತದೆ, ಉದುರಿದ್ದರೆ ಇಳಿಯುತ್ತದೆ. ಎರಡರಲ್ಲಿ ಯಾವುದು ಕಂಡರೂ ಡಬ್ಬಿಯ ಮುಚ್ಚಳ ಮತ್ತು ಸಿಲಿಕಾ ಜೆಲ್ ಎರಡನ್ನೂ ಅಂದೇ ಬದಲಿಸಿ.